ಹಾಡು ಹಾಕಿದರೆ ಆಯಿಲ್ ಪ್ರೆಶರ್

ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆ ಗಿಂಡಿಯ ಚಿತ್ರವಿರುವ ಒಂದು ಕೆಂಪು ದೀಪ ಇರುತ್ತದೆ. ಕೀ ತಿರುಗಿಸಿದಾಗ ಹತ್ತುತ್ತದೆ, ಎಂಜಿನ್ ಶುರುವಾದ ಕೂಡಲೇ ಆರುತ್ತದೆ. ರಸ್ತೆಯಲ್ಲಿ ಓಡುವಾಗ ಎಂಜಿನ್ನಿನ ಆಯಿಲ್ ಪ್ರೆಶರ್ ಸಾಮಾನ್ಯವಾಗಿ ಮೂರು, ನಾಲ್ಕು ಬಾರ್ ಇರುತ್ತದೆ (ಬಾರ್ ಅಂದರೆ ಒತ್ತಡದ ಅಳತೆ). ಅದು ಅರ್ಧ ಬಾರ್‌ಗಿಂತಲೂ ಕೆಳಗೆ ಇಳಿಯುವ ತನಕ ಈ ದೀಪ ಉಸಿರೆತ್ತುವುದಿಲ್ಲ. ಸಾವಿನ ಮನೆಗೆ ಮಾತ್ರ ಬರುವ ನೆಂಟನ ಹಾಗೆ. ಬಂದ ಅಂದರೆ ಮುಗೀತು.

ಇದೆಲ್ಲ ಗೊತ್ತಿಲ್ಲದೆ ನನ್ನ ಹಳೇ ಮಾರುತಿ 800ನಲ್ಲಿ ಆರಾಮಾಗಿ ಓಡಾಡಿಕೊಂಡಿದ್ದೆ. ಗೊತ್ತು ಮಾಡಿಸಿದವನು ಹೆಂಡತಿಯ ತಮ್ಮ.

"ಭಾವ, ನೀವು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಗಾಡಿ ಓಡಿಸ್ತಿದ್ದೀರ. ಒಂದು ಪ್ರೆಶರ್ ಮೀಟರ್ ಹಾಕಿಬಿಡೋಣ. ನಾಲ್ಕು ವೈರು, ಅಷ್ಟೇ."

ಅವನು "ಅಷ್ಟೇ" ಅಂದ ಕೆಲಸಗಳ ಪೈಕಿ ಒಂದು ಕಾಲಿಂಗ್ ಬೆಲ್ಲು, ಒಂದು ಇಸ್ತ್ರಿ ಪೆಟ್ಟಿಗೆ ನಮ್ಮ ಅಟ್ಟದಲ್ಲಿ ಇನ್ನೂ ಬಿಚ್ಚಿದ ಹಾಗೇ ಇವೆ. ಆದರೂ ಶನಿವಾರ ಇಬ್ಬರೂ ಬೆಂಗಳೂರಿನಲ್ಲಿ ಗಾಡಿ ಬಿಡಿಭಾಗ ಸಿಗುವ ಜೆ.ಸಿ. ರೋಡಿಗೆ ಹೋದೆವು.

ಮೀಟರ್ ಜೊತೆ ಸೆಂಡರ್ ಅಂತ ಒಂದು ಹಿತ್ತಾಳೆ ಬುರುಡೆ ಬೇಕು. ಎಂಜಿನ್ನಿನಲ್ಲಿ ಕೆಂಪು ದೀಪದ ಸ್ವಿಚ್ ಇರುವ ಜಾಗದಲ್ಲಿ ಅದನ್ನು ತಿರುಗಿಸಿ ಕೂರಿಸುವುದು. ಆಯಿಲ್ ಒತ್ತಿದಂತೆ ಅದರ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ, ಬದಲಾಗುತ್ತದೆ. ಮೀಟರ್ ಓದುವುದು ಅದನ್ನೇ. ಇದರಲ್ಲಿ ಎರಡು ಜಾತಿ. ಒಂದರಲ್ಲಿ ಸೊನ್ನೆ ಪ್ರೆಶರ್‌ಗೆ 10 ಓಮ್, ತುದಿಗೆ 180. ಇನ್ನೊಂದರಲ್ಲಿ ಪೂರ್ತಿ ಉಲ್ಟಾ, ಸೊನ್ನೆಗೆ 240, ತುದಿಗೆ 33. ಅಂಗಡಿಯವರು ಒಂದು ಜಾತಿಯ ಮೀಟರಿಗೆ ಇನ್ನೊಂದು ಜಾತಿಯ ಸೆಂಡರ್ ಜೋಡಿ ಮಾಡಿ ಕೊಟ್ಟರು. "ಎಲ್ಲಾ ಒಂದೇ ಸಾರ್, ಕಣ್ಮುಚ್ಚಿ ಹಾಕ್ಕೊಳ್ಳಿ" ಅಂತ ಧೈರ್ಯವನ್ನೂ ಕೊಟ್ಟರು.

ಭಾನುವಾರ ಭಾವಮೈದ ಸ್ಟೇರಿಂಗ್ ಕೆಳಗೆ ತಲೆಕೆಳಗಾಗಿ ಮಲಗಿದ. ಹೊರಗೆ ಅವನ ಕಾಲು ಮಾತ್ರ ಕಾಣುತ್ತಿತ್ತು. ಸೆಂಡರಿಗೆ ಒಂದು ವೈರು, ಅರ್ತಿಗೆ ಒಂದು, ಒಳಗಿನ ಬಲ್ಬಿಗೆ ಒಂದು. ಉಳಿದದ್ದಕ್ಕೆ ಕೀ ತಿರುಗಿಸಿದಾಗ ಕರೆಂಟು ಬರಬೇಕು. ಸ್ಟೀರಿಯೋ ಹಿಂದೆ ಒಂದು ನೀಲಿ ವೈರು ಸುಮ್ನೆ ನೇತಾಡುತ್ತಿತ್ತಂತೆ. ಟೆಸ್ಟ್ ಲ್ಯಾಂಪ್ ಇಟ್ಟರೆ ಉರಿಯಿತು. ಜೋಡಿಸಿದ. ಆ ನೀಲಿ ವೈರು ಇರುವುದು ಕಾರಿನ ಏರಿಯಲ್ ಮೇಲೆತ್ತುವುದಕ್ಕೆ. ಸ್ಟೀರಿಯೋ ಆನ್ ಇದ್ದರೆ ಮಾತ್ರ ಅದರಲ್ಲಿ ಕರೆಂಟು. ಅವನು ಟೆಸ್ಟ್ ಮಾಡುವಾಗ ಎಫ್‌ಎಂ ಹಾಡುತ್ತಿತ್ತು.

ಹೀಗಾಗಿ ಹಾಡು ಹಾಕಿದರೆ ಆಯಿಲ್ ಪ್ರೆಶರ್ ಬರುತ್ತದೆ, ನಿಲ್ಲಿಸಿದರೆ ಹೋಗುತ್ತದೆ. ಕಾಫಿ ತಂದ ನನ್ನ ಹೆಂಡತಿ ಸ್ವಲ್ಪ ಹೊತ್ತು ನೋಡಿ, "ಯಾವ ಸ್ಟೇಷನ್‌ಗೆ ಜಾಸ್ತಿ ಏರುತ್ತೆ ನೋಡೋ" ಅಂದಳು.

ಅಷ್ಟಕ್ಕೇ ಮುಗಿಯಲಿಲ್ಲ. ಎಂಜಿನ್ ಆಫ್ ಇದ್ದಾಗ ಮುಳ್ಳು ತುದಿ ಮುಟ್ಟುತ್ತಿತ್ತು. ಸ್ಟಾರ್ಟ್ ಮಾಡಿದರೆ ಇಳಿಯುತ್ತಿತ್ತು. ಆಕ್ಸಿಲರೇಟರ್ ಒತ್ತಿದರೆ ಇನ್ನೂ ಇಳಿಯುತ್ತಿತ್ತು. "ಗಾಡಿ ಸೂಪರ್ ಕಂಡೀಷನ್ ಭಾವ, ನಿಂತಲ್ಲೇ ಇಷ್ಟಿದೆ" ಅಂದ ಅವನು. ಜೋಡಿ ತಪ್ಪಿದ್ದು ಗೊತ್ತಾಗಿ ಮೀಟರ್ ಬದಲಾಯಿಸಿಕೊಂಡು ಬರಲು ಮುಂದಿನ ಶನಿವಾರದವರೆಗೆ ಕಾಯಬೇಕಾಯಿತು.

ಅಷ್ಟರಲ್ಲಿ ಸೆಂಡರ್ ಹತ್ತಿರ ಆಯಿಲ್ ಜಿನುಗುತ್ತಿತ್ತು. ನಮ್ಮ ಅಪಾರ್ಟ್‌ಮೆಂಟಿನ ಪ್ಲಂಬರ್ ಅದನ್ನು ಕಂಡರು. ಥ್ರೆಡ್ ಕಂಡಲ್ಲಿ ಟೆಫ್ಲಾನ್ ಟೇಪು ಸುತ್ತಬೇಕು ಅನ್ನುವುದು ಅವರ ಧರ್ಮ. ಪ್ರೀತಿಯಿಂದ ದಪ್ಪಗೆ ಸುತ್ತಿಕೊಟ್ಟರು. ಸೆಂಡರಿಗೆ ಅರ್ತ್ ಸಿಗುವುದು ಅದೇ ಥ್ರೆಡ್ಡಿನ ಮೂಲಕ ಎಂಜಿನ್ನಿನಿಂದ. ಟೇಪು ಅದನ್ನು ತಡೆಯಿತು. ಲೀಕೂ ನಿಂತಿತು, ಮುಳ್ಳೂ ನಿಂತಿತು. ಹೊಸ ಮೀಟರಿನಲ್ಲೂ ತುತ್ತತುದಿಗೇ.

ಕೊನೆಗೆ ಮೆಕ್ಯಾನಿಕ್ ಹತ್ತಿರ ಹೋದೆವು. ಅವರು ಟೇಪು ಬಿಚ್ಚಿ, ಚೂರೇ ಚೂರು ಸೀಲೆಂಟ್ ಹಚ್ಚಿ ಕೂರಿಸಿದರು. ಟಿ ಜಾಯಿಂಟ್ ಹಾಕಿ ಕೆಂಪು ದೀಪದ ಸ್ವಿಚ್ಚನ್ನೂ ವಾಪಸ್ ಇಟ್ಟರು. ನೀಲಿ ವೈರನ್ನು ಬಿಡುಗಡೆ ಮಾಡಿದರು. ಇಂಡಿಕೇಟರ್ ಹಾಕಿದಾಗಲೆಲ್ಲ ಮುಳ್ಳು ಟಿಕ್ ಟಿಕ್ ತಾಳ ಹಾಕುತ್ತಿತ್ತು. ಅದಕ್ಕೆ ಅರ್ತ್ ವೈರನ್ನು ಪೇಂಟ್ ಮೇಲಿನಿಂದ ತೆಗೆದು, ಲೋಹ ಕೆರೆದು ಬಿಗಿದರು. "ಇಷ್ಟು ದಿನ ನೀವು ನೋಡ್ತಿದ್ದಿದ್ದು ಆಯಿಲ್ ಅಲ್ಲ ಸಾರ್, ವೈರಿಂಗು" ಅಂದರು.

ಈಗ ಮುಳ್ಳು ನಿಜ ಹೇಳುತ್ತದೆ. ತೊಂದರೆ ಶುರುವಾಗಿದ್ದೇ ಅಲ್ಲಿಂದ. ಬೆಳಿಗ್ಗೆ ತಣ್ಣನೆ ಎಂಜಿನ್ನಿಗೆ ಜೋರಾಗಿ ಏರಿದ್ದು ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಒಂದು ಬಾರ್‌ಗೆ ಬಂದು ಕೂತಿತು. ಭಾವಮೈದ ಪಕ್ಕದಲ್ಲಿ ಕೂತು, "ಆಫ್ ಮಾಡಿ, ಆಫ್ ಮಾಡಿ!" ಅಂತ ಕೂಗಿಕೊಂಡ. ಹಿಂದೆ ಬಸ್ಸು, ಮುಂದೆ ಲಾರಿ. ಅಲ್ಲಿಂದಲೇ ಮೆಕ್ಯಾನಿಕ್‌ಗೆ ಫೋನ್ ಮಾಡಿದ. ಕಾದ ಆಯಿಲ್ ತೆಳ್ಳಗಾಗುತ್ತೆ, ಗಾಡಿ ನಿಂತು ಎಂಜಿನ್ ಐಡಲ್‌ನಲ್ಲಿ ಓಡುವಾಗ ಪಂಪೂ ನಿಧಾನ, ಸಾವಿರ ಆರ್‌ಪಿಎಂಗೆ ಹತ್ತು ಪಿಎಸ್‌ಐ, ಅಂದರೆ ಮುಕ್ಕಾಲು ಬಾರ್‌ಗಿಂತ ಕಡಿಮೆ, ಇದ್ದರೆ ಸಾಕು ಅನ್ನೋದು ಹಳೇ ಲೆಕ್ಕ, ಸುಮ್ನೆ ಗಾಡಿ ಓಡಿಸಿ ಅಂದರು.

ಸಮಾಧಾನ ಆಗಬೇಕಿತ್ತು, ಅಲ್ವಾ? ಅವನು ಯೋಚನೆಗೆ ಬಿದ್ದ.

"ಭಾವ, ಆಯಿಲ್ ಎಷ್ಟು ಬಿಸಿ ಆಗಿದೆ ಅಂತ ಗೊತ್ತಿಲ್ಲದೆ ಬರೀ ಪ್ರೆಶರ್ ನೋಡಿ ಏನು ಪ್ರಯೋಜನ? ಆಯಿಲ್ ಟೆಂಪರೇಚರ್ ಮೀಟರ್ ಒಂದು ಹಾಕೋಣ. 52 ಮಿಲಿಮೀಟರ್ ತೂತು, ಅಷ್ಟೇ."

ಹಿಂದಿನ ಸೀಟಿನಿಂದ ಅವನ ಅಕ್ಕ, "ಮೊದಲು ನನ್ನ ಇಸ್ತ್ರಿ ಪೆಟ್ಟಿಗೆ ಬಿಸಿ ಮಾಡಿಕೊಡೋ" ಅಂದಳು.