ಕಾಯಿ ಯಾಕ ಸುಳ್ಳ ಹೇಳತೈತಿ?

ನಮ್ಮ ದೊಡ್ಡವ್ವ ಹೋದ ತಿಂಗಳು ನಾಲ್ಕು ದಿನ ಸಕ್ಕರೆ ಕಾಯಿಲೆಯ ಗುಳಿಗೆ ತಗೊಂಡಿರಲಿಲ್ಲ. ಮನೆಯವರಿಗೆ ಗೊತ್ತಾದದ್ದು ಐದನೇ ದಿನ, ಗುಳಿಗೆ ಹಾಗೇ ಉಳಿದದ್ದು ಕಣ್ಣಿಗೆ ಬಿದ್ದಾಗ. ಯಾಕೆ ಅಂತ ಕೇಳಿದರೆ ಮೊಬೈಲ್ ತೆಗೆದು ತೋರಿಸಿದಳು. ಒಂದು ಹಾಗಲಕಾಯಿ. ಅದಕ್ಕೆ ಎರಡು ದೊಡ್ಡ ಕಣ್ಣು, ಕೆಂಪು ತುಟಿ. "ದಿನಾ ಬೆಳಿಗ್ಗೆ ನನ್ನ ರಸ ಕುಡಿಯಿರಿ, ಗುಳಿಗೆ ಬಿಟ್ಟುಬಿಡಿ" ಅಂತ ನಗುನಗುತ್ತ ಹೇಳುತ್ತಿತ್ತು. ನನಗೆ ಸಿಟ್ಟು ಬಂತು. "ಇದು ಎಐ ಮಾಡಿದ ವಿಡಿಯೋ ದೊಡ್ಡವ್ವಾ, ಯಾರೋ ಕೂತು ಬರೆದ ಮಾತು" ಅಂದೆ. ಆಕೆ ನನ್ನ ಮುಖ ನೋಡಿ ಅಂದಳು: "ಮನಷ್ಯಾ ಸುಳ್ಳ ಹೇಳತಾನಪಾ. ಕಾಯಿ ಯಾಕ ಸುಳ್ಳ ಹೇಳತೈತಿ?"

ಆ ಮಾತು ಇನ್ನೂ ನನ್ನನ್ನು ಬಿಟ್ಟಿಲ್ಲ. ಯಾಕಂದರೆ "ಯಾರೋ ಕೂತು ಬರೆದ ಮಾತು" ಅಂದೆನಲ್ಲ, ಆ ಯಾರೋ ಪೈಕಿ ನಾನೂ ಒಬ್ಬ. ಧಾರವಾಡದಲ್ಲಿ ಮದುವೆ ವಿಡಿಯೋ ಎಡಿಟಿಂಗ್ ನನ್ನ ಹೊಟ್ಟೆಪಾಡು. 2025ರ ಮೇ ತಿಂಗಳಲ್ಲಿ ಗೂಗಲ್‌ನ ವಿಯೋ 3 ಅನ್ನುವ ಎಐ ವಿಡಿಯೋ ಸಾಧನ ಬಂದು ಚಿತ್ರ, ದನಿ ಎರಡೂ ಒಂದೇ ಪ್ರಾಂಪ್ಟ್‌ನಿಂದ, ಅಂದರೆ ನಾವು ಬರೆದು ಕೊಡುವ ಸೂಚನೆಯಿಂದ, ಹುಟ್ಟತೊಡಗಿದ ಮೇಲೆ, ಅಂಗಡಿಯವರು, ಖಾನಾವಳಿಯವರು "ನಮ್ಮ ಸಾಮಾನು ಮಾತಾಡೋಹಂಗ ಒಂದು ರೀಲ್ ಮಾಡಿಕೊಡ್ರಿ" ಅಂತ ಬರುತ್ತಾರೆ. ಮಾಡಿಕೊಡುತ್ತೇನೆ.

ಮೊದಲನೆಯದು ಹಳೇ ಹುಬ್ಬಳ್ಳಿಯಲ್ಲಿ ಮನೆಯಲ್ಲೇ ರೊಟ್ಟಿ ಬಡಿದು ಮಾರುವ ಒಬ್ಬ ಅಕ್ಕನಿಗೆ. ಹಂಚು ಮಾತಾಡಬೇಕಿತ್ತು. ನಾನು ಎಲ್ಲರಂತೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದು ಹಾಕಿದೆ. ಬಂದದ್ದು ಹೊಳೆಯುವ ಹೊಸ ಹಂಚು, ಅದರ ಮೇಲೆ ಲಟ್ಟಣಿಗೆಯಲ್ಲಿ ಲಟ್ಟಿಸಿದಂಥ ಚಪಾತಿ, "ನಮಸ್ಕಾರ ಸ್ನೇಹಿತರೇ" ಅನ್ನುವ ವಾರ್ತೆ ಓದುವ ದನಿ. ಅಕ್ಕ ನೋಡಿ ಮೊಬೈಲ್ ವಾಪಸ್ ಕೊಟ್ಟರು. "ತಮ್ಮಾ, ಇದು ನನ್ನ ಹಂಚಲ್ಲ."

ತಪ್ಪು ನನ್ನದೇ. ಜೋಳದ ರೊಟ್ಟಿ ಹೇಗಾಗುತ್ತದೆ ಅಂತ ನಾನು ಪ್ರಾಂಪ್ಟ್‌ನಲ್ಲಿ ಬರೆದೇ ಇರಲಿಲ್ಲ. ಮರುದಿನ ಬೆಳಿಗ್ಗೆ ಆರು ಗಂಟೆಗೆ ಹೋಗಿ ಅವರ ಒಲೆಯ ಪಕ್ಕದಲ್ಲಿ ಕೂತೆ. ಕುದಿಯುವ ನೀರು ಸುರಿದು ಹಿಟ್ಟು ಕಲಸಿದರು, ಅಂಗೈ ಊರಿ ನಾದಿದರು. ಬಡಿಯುವಾಗ ಬಲಗೈ ಬಡಿಯುತ್ತದೆ, ಎಡಗೈ ಅಂಚು ಕಾಯುತ್ತ ರೊಟ್ಟಿಯನ್ನು ತಿರುಗಿಸುತ್ತದೆ. ಹಂಚಿಗೆ ಹಾಕಿದ ಕೂಡಲೇ ಒದ್ದೆ ಅರಿವಿಯಿಂದ ಮೇಲೆಲ್ಲ ನೀರು ಸವರುತ್ತಾರೆ. ನೀರು ಆರಿದ ಮೇಲೆ ಮಗುಚಿ, ಕೊನೆಗೆ ಉರಿಗೆ ಹಿಡಿದಾಗ ರೊಟ್ಟಿ ಉಬ್ಬಿ, ಅಂಚಿನಲ್ಲಿ ಒಂದು ಕಡೆ ಬಿರಿದು, ಉಸ್ಸ್ ಅಂತ ಉಗಿ ಬಿಡುತ್ತದೆ. ಅದನ್ನು ನೋಡುತ್ತ ನನಗೆ ಅನಿಸಿತು, ರೊಟ್ಟಿಗೆ ನಾವು ತುಟಿ ಅಂಟಿಸುವುದೇ ಬೇಡ, ಅದಕ್ಕೆ ಅದರದೇ ಬಾಯಿ ಇದೆ.

"ಅಕ್ಕಾರ, ಈ ಹಂಚಿಗೆ ಬಾಯಿ ಇದ್ದಿದ್ರ ಏನಂತಿತ್ರಿ?" ಅಂತ ಕೇಳಿದೆ. ಒಲೆಯಿಂದ ಕಣ್ಣು ತೆಗೆಯದೆ ಹೇಳಿದರು:

"ಮೂವತ್ತು ವರ್ಷ ಬೆಂಕಿ ಮ್ಯಾಲ ಕುಂತೀನಿ. ರೊಟ್ಟಿ ಸೀದ್ರ ಬೈಗಳ ನನಗ. ಉಬ್ಬಿದ್ರ ಹೊಗಳಿಕಿ ಆಕಿಗೆ."

ಹನ್ನೆರಡೇ ಪದ. ವಿಯೋದ ಒಂದು ತುಣುಕು ಎಂಟು ಸೆಕೆಂಡು. ಸಾವಕಾಶ ಮಾತಾಡಿದರೆ ಎಂಟು ಸೆಕೆಂಡಿನಲ್ಲಿ ಹಿಡಿಸುವುದು ಇಷ್ಟೇ, ನಾನು ಮೊಬೈಲ್‌ನಲ್ಲಿ ಅಳೆದು ನೋಡಿದ್ದೇನೆ. ಇಪ್ಪತ್ತು ಪದ ತುರುಕಿದರೆ ದನಿ ಓಡುತ್ತದೆ, ಕೊನೆಯ ಮಾತು ನುಂಗಿಹೋಗುತ್ತದೆ. ಎರಡನೇ ಸಲ ಪ್ರಾಂಪ್ಟ್‌ನಲ್ಲಿ ಕಣ್ಣು, ತುಟಿ ಬೇಡ ಅಂತ ಬರೆದೆ. ಹಂಚು ಕಪ್ಪಗೆ, ನಡುವೆ ತುಸು ತಗ್ಗಾಗಿರಬೇಕು, ಒಂದು ಮಗ್ಗುಲಿಂದ ಒಲೆಯ ಬೆಳಕು ಬೀಳಬೇಕು, ಕ್ಯಾಮೆರಾ ಅಲುಗಬಾರದು, ಲಟ್ಟಣಿಗೆ ಎಲ್ಲೂ ಕಾಣಬಾರದು, ರೊಟ್ಟಿ ಉಬ್ಬುವುದು ಕೊನೆಯ ಎರಡು ಸೆಕೆಂಡಿನಲ್ಲಿ. ದನಿಯನ್ನು ಆ್ಯಪ್‌ಗೆ ಬಿಡಲಿಲ್ಲ. ನಮ್ಮ "ಕುಂತೀನಿ" ಅದರ ಬಾಯಲ್ಲಿ "ಕುಳಿತಿದ್ದೇನೆ" ಆಗುತ್ತಿತ್ತು. ಅಕ್ಕನ ದನಿಯನ್ನೇ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಚಿತ್ರಕ್ಕೆ ಕೂಡಿಸಿದೆ. ಈ ಸಲ ಅವರು ಮೂರು ಸಲ ನೋಡಿದರು, ಮಗಳನ್ನು ಕರೆದು ತೋರಿಸಿದರು.

ಅವತ್ತಿನಿಂದ ನನ್ನ ಮನಸ್ಸಿನಲ್ಲಿ ಒಂದು ಮಾತು ಗಟ್ಟಿಯಾಗಿದೆ. ಸಾಮಾನಿಗೆ ಮಾತು ಕೊಡುವವನು ಆ ಸಾಮಾನು ಕಂಡದ್ದನ್ನು, ಉಂಡದ್ದನ್ನು ಮಾತ್ರ ಹೇಳಿಸಬೇಕು. ಹಂಚಿಗೆ ಬೆಂಕಿ ಗೊತ್ತು, ಬೈಗಳ ಗೊತ್ತು. ಹಾಗಲಕಾಯಿಗೆ ಬಳ್ಳಿ ಗೊತ್ತು, ಕಹಿ ಗೊತ್ತು. ದೊಡ್ಡವ್ವನ ರಕ್ತದಲ್ಲಿ ಸಕ್ಕರೆ ಎಷ್ಟಿದೆ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು?

ಇನ್ನೊಂದು ರೀಲ್ ನೆನಪಾಗುತ್ತದೆ. ಬ್ಯಾಡಗಿ ಮೆಣಸಿನಕಾಯಿ ಬಾಯಿಂದ ಬೆಂಕಿ ಉಗುಳುತ್ತ "ನನ್ನಷ್ಟು ಖಾರ ಯಾರೂ ಇಲ್ಲ" ಅಂತ ಕೂಗುತ್ತದೆ. ಬ್ಯಾಡಗಿ ಇರುವ ಹಾವೇರಿ ಜಿಲ್ಲೆಯವರು ಯಾರೂ ಇದನ್ನು ಬರೆದಿರಲಿಕ್ಕಿಲ್ಲ. 2011ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ ಆ ಕಾಯಿಗೆ ಹೆಸರು ಬಂದದ್ದು ಬಣ್ಣದಿಂದ. ಖಾರ ಕಡಿಮೆ, ಕೆಂಪು ಗಾಢ, ಮೈತುಂಬ ಸುಕ್ಕು. ನಾನು ಬರೆದರೆ ಅದು ಕೂಗುವುದಿಲ್ಲ, ಕೆಂಪು ಇಳಕಲ್ ಸೀರೆ ಉಟ್ಟ ಮುದುಕಿಯ ಹಾಗೆ ಮೆಲ್ಲಗೆ ಹೇಳುತ್ತದೆ: "ಸುಕ್ಕು ನೋಡಿ ನಗಬ್ಯಾಡ ತಂಗಿ, ಎಸರಿಗೆ ಬಿದ್ದಮ್ಯಾಲ ನನ್ನ ಬಣ್ಣ ನೋಡು."

ಇದೇ ಬ್ಯಾಡಗಿ ತಾಲೂಕಿನಲ್ಲೇ ಕಾಗಿನೆಲೆ ಇದೆ. ಕಾಗಿನೆಲೆಯ ಆದಿಕೇಶವನನ್ನು ಹಾಡಿದ ಕನಕದಾಸರು ಕಾಳಿಗೇ ಮಾತು ಕೊಟ್ಟವರು. ರಾಮಧಾನ್ಯ ಚರಿತೆಯಲ್ಲಿ ನೆಲ್ಲು ಮತ್ತು ನರೆದಲೆಗ, ಅಂದರೆ ರಾಗಿ, ರಾಮನ ಎದುರಿಗೇ ಯಾರು ಹೆಚ್ಚು ಅಂತ ಜಗಳಕ್ಕೆ ನಿಲ್ಲುತ್ತವೆ. ಮಳೆ ಹೋಗಿ ಬರ ಬಿದ್ದಾಗ ಜನರನ್ನು ಸಲಹುವವನು ನಾನು, ನೀನು ಬಡವರ ಕಡೆ ತಿರುಗಿಯೂ ನೋಡುವುದಿಲ್ಲ ಅಂತ ರಾಗಿ ನೆಲ್ಲನ್ನು ಹಂಗಿಸುತ್ತದೆ. ಎರಡನ್ನೂ ಆರು ತಿಂಗಳು ಸೆರೆಯಲ್ಲಿ ಇಟ್ಟು ತೆಗೆದಾಗ ನೆಲ್ಲು ಸೊರಗಿರುತ್ತದೆ, ರಾಗಿ ಇದ್ದಹಾಗೇ ಇರುತ್ತದೆ. ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ ಅನ್ನುವುದು ಒಕ್ಕಲುತನ ಮಾಡುವ ಪ್ರತಿ ಮನೆಗೂ ಗೊತ್ತಿದ್ದ ಸಂಗತಿ. ಕಾಳು ಮಾತಾಡುವುದು ಕಲ್ಪನೆ, ಆದರೆ ಅದು ಆಡುವ ಮಾತು ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಣಜದಲ್ಲಿ, ಕಾಳು ತುಂಬಿ ಇಟ್ಟವರು ಕಣ್ಣಾರೆ ಕಂಡದ್ದು. ಇಂಥ ಹಿರಿಯರ ಊರಿನವರು ನಾವು. ಎಲ್ಲಿಂದಲೋ ಕಾಪಿ ಮಾಡಿದ ಪ್ರಾಂಪ್ಟ್‌ಗೆ ತರಕಾರಿ ಹೆಸರು ಬದಲಿಸಿ ಹಾಕಿ ಬಿಡುವುದನ್ನು ಕಂಡರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

ಗೂಗಲ್ ತನ್ನ ಎಐ ವಿಡಿಯೋಗಳಲ್ಲಿ ಕಣ್ಣಿಗೆ ಕಾಣದ ಗುರುತು ಸೇರಿಸುತ್ತದೆ. ಒಳ್ಳೆಯದೇ. ಆದರೆ ಕಾಣದ ಗುರುತು ದೊಡ್ಡವ್ವನಿಗೆ ಏನು ಉಪಯೋಗ? ಹಾಗಾಗಿ ನನ್ನ ವಿಡಿಯೋದ ಮೇಲೆ "ಇದು ಎಐ ಚಿತ್ರ, ಮಾತು ನಾವು ಬರೆದದ್ದು" ಅಂತ ದಪ್ಪ ಅಕ್ಷರದಲ್ಲಿ ಹಾಕುತ್ತೇನೆ. ರೋಗ, ಔಷಧಿ, ದುಡ್ಡು ಹೂಡುವ ವಿಷಯ ಯಾವ ಸಾಮಾನಿನ ಬಾಯಿಂದಲೂ ಆಡಿಸುವುದಿಲ್ಲ. ಮೊನ್ನೆ ಒಬ್ಬರು ಶುಂಠಿಯಿಂದ ಮಂಡಿನೋವಿನ ಎಣ್ಣೆಗೆ ಜಾಹೀರಾತು ಹೇಳಿಸಲು ಬಂದಿದ್ದರು, ವಾಪಸ್ ಕಳಿಸಿದೆ. ನನ್ನ ಹಾಗೆ ಈ ಕೆಲಸ ಮಾಡುವ ಗೆಳೆಯರು ಹುಬ್ಬಳ್ಳಿ, ಗದಗ, ಹಾವೇರಿಯಲ್ಲಿ ಬಹಳ ಜನ ಇದ್ದೀರಿ. ನೀವೂ ಹಾಗೇ ಮಾಡಿ ಅಂತ ಕೈಮುಗಿದು ಕೇಳುತ್ತೇನೆ.

ದೊಡ್ಡವ್ವ ಈಗ ಗುಳಿಗೆ ತಗೊಳ್ಳುತ್ತಿದ್ದಾಳೆ. ಮುಂದಿನ ವಿಡಿಯೋ ಆಕೆಯ ಹಿತ್ತಲಿನಲ್ಲಿ ಬಿದ್ದಿರುವ ಬೀಸುಕಲ್ಲಿನದು. ಆಕೆಯ ದನಿಯಲ್ಲೇ ಮಾಡುತ್ತೇನೆ. ಬೀಸಿ ಅಭ್ಯಾಸ ಇದ್ದವರು ಯಾರಾದರೂ ಓದುತ್ತಿದ್ದರೆ ಒಂದು ವಿಷಯ ಹೇಳಿ: ಹಾಕಿದ ಜೋಳ ತೀರಿ, ಬರೀ ಕಲ್ಲಿನ ಮೇಲೆ ಕಲ್ಲು ತಿರುಗತೊಡಗಿದಾಗ ಅದರ ಸಪ್ಪಳ ಹೇಗೆ ಬದಲಾಗುತ್ತದೆ?