ಅನಂತದ ಮೊಗ್ಗು, ಕಾಕಾನ ಬೆರಳು

ನಮ್ಮ ಅನಂತದ ಗಿಡದಲ್ಲಿ ಇವತ್ತು ಬೆಳಿಗ್ಗೆ ಹೂ ಅರಳಿತ್ತು. ಅಂಗಳ ತುಂಬ ಘಮ. ಮಧ್ಯಾಹ್ನದ ಹೊತ್ತಿಗೆ ಬಿಳಿ ಎಸಳ ಮೇಲೆ ಕಂದು ಬಣ್ಣದ ಹೆಬ್ಬೆರಳೊಂದು ಮೂಡಿತ್ತು. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲೂ ಇಷ್ಟು ಸ್ಪಷ್ಟ ಗುರುತು ಬೀಳಲ್ಲ.

ಯಾರ ಬೆರಳು ಅಂತ ಹುಡುಕಬೇಕಾಗಿಲ್ಲ. ಪಕ್ಕದ ಮನೆ ಕಾಕಾ.

ವಿಜಯಪುರದಲ್ಲಿ ಈ ಗಿಡ ಉಳಿಸೋದೇ ಒಂದು ವ್ರತ. ನನ್ನ ತವರು ಬೆಳಗಾವಿಯಲ್ಲಿ ಕೆಂಪು ಮಣ್ಣು, ಜಿಟಿಜಿಟಿ ಮಳೆ. ನೆಟ್ಟು ಮರೆತರೂ ಬರುತ್ತೆ. ಇಲ್ಲಿ ಎರೆಮಣ್ಣು, ಬೋರ್‌ನೀರಲ್ಲಿ ಸುಣ್ಣ. ಅನಂತಕ್ಕೆ ಹುಳಿ ಮಣ್ಣೇ, ಅಂದರೆ ಆಮ್ಲೀಯ ಮಣ್ಣೇ ಬೇಕು. ಇಲ್ಲದಿದ್ದರೆ ಮಣ್ಣಲ್ಲಿ ಕಬ್ಬಿಣ ಇದ್ದರೂ ಹೀರಿಕೊಳ್ಳಲ್ಲ, ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯುತ್ತೆ. ಅದಕ್ಕೇ ಕುಂಡ, ಕೆಂಪು ಮಣ್ಣು, ಎರೆಗೊಬ್ಬರ, ಆಗಾಗ ಚಿಟಿಕೆ ಅನ್ನಭೇದಿ ಅನ್ನೋ ಕಬ್ಬಿಣದ ಉಪ್ಪು. ಬಿಸಿಲು 40 ಡಿಗ್ರಿ ದಾಟಿದಾಗ ಹಸಿರು ನೆರಳುಬಲೆ ಕಟ್ಟಿದೆ. ‘ಮನೀ ಕೂಲರ್ ಕೆಟ್ಟು ಕೂತದ, ಗಿಡಕ್ಕ ನೆರಳಂತ’ ಎಂದು ಯಜಮಾನರ ಗೊಣಗಾಟ ಬೇರೆ.

ಇಷ್ಟೆಲ್ಲ ದಾಟಿ ಮೊಗ್ಗು ಬಿಟ್ಟರೆ ಕಾಕಾ ವಾಕಿಂಗ್ ಮುಗಿಸಿ ಗೇಟ್ ತೆಗೀತಾರೆ. ಸಂತೆಯಲ್ಲಿ ಬದನೆಕಾಯಿ ಒತ್ತಿ ನೋಡುವ ಹಾಗೆ ಒಂದೊಂದೇ ಮೊಗ್ಗನ್ನು ಒತ್ತುತ್ತಾರೆ.

“ಯಾಕವಾ ತಂಗಿ, ಇದಿನ್ನೂ ಅರಳವಲ್ದಲ್ಲ?”

“ಮುಟ್ಟಬ್ಯಾಡ್ರಿ ಕಾಕಾ, ಮುಟ್ಟಿದ್ರ ಕಂದಾಗ್ತಾವು.”

“ಏ, ನನ್ನ ಕೈ ಸ್ವಚ್ಛ ಅದಾವವಾ. ಈಗ ಸಾಬೂನು ಹಚ್ಚಿ ತೊಳಕೊಂಡೇನಿ.” ಕೈ ತೋರಿಸ್ತಾರೆ. ತೋರಿಸಿದ ಕೈಯಿಂದಲೇ ಇನ್ನೊಂದು ಮೊಗ್ಗು. ಅದು ತೊಟ್ಟು ಬಿಟ್ಟು ಕೆಳಗೆ. “ಇದು ಮೊದಲೇ ಸಡಿಲ ಇತ್ತು ಬಿಡು.”

ಹಿರಿಯರು. ಏನಂತ ಬೈಯೋದು? ಚಹಾ ಕೊಟ್ಟು ಕುರ್ಚಿ ದೂರ ಹಾಕಿದೆ. ಚಹಾ ಹಿಡಿದು ಎದ್ದು ಬಂದರು. ಚಹಾದ ಕಪ್ ಎಡಗೈಗೆ ಹೋಯಿತು, ಬಲಗೈ ಖಾಲಿ ಆಯಿತು, ಅಷ್ಟೆ.

ಅವ್ವ ಈ ಹೂವನ್ನು ಎಸಳು ಮುಟ್ಟದೆ ತೊಟ್ಟು ಹಿಡಿದೇ ಕೊಯ್ಯುತ್ತಿದ್ದಳು. ಸ್ಟೀಲ್ ವಾಟಗದ ನೀರಲ್ಲಿಟ್ಟು ದೇವರ ಮುಂದೆ ಇಡುತ್ತಿದ್ದಳು. ಒಂದೇ ಹೂ, ಇಡೀ ಮನೆಗೆ ಸಾಕಾಗುತ್ತಿತ್ತು. ಈಗ ಆ ಮನೆಯೂ ಇಲ್ಲ, ಗಿಡವೂ ಇಲ್ಲ.

ಇವತ್ತು ಸಂಜೆ ಕಾಕಾ ಮತ್ತೆ ಬಂದಿದ್ದರು. ಕಂದಾದ ಎಸಳನ್ನು ಎರಡು ಬೆರಳಲ್ಲಿ ತಿಕ್ಕಿ ತಿಕ್ಕಿ ನೋಡಿದರು.

“ತಂಗಿ, ಗಿಡಕ್ಕ ಏನೋ ರೋಗ ಬಡದೈತಿ ನೋಡು. ಲಗೂನ ಎಣ್ಣಿ ಹೊಡಿ.”