ಬಣ್ಣಕ್ಕಾಗಿ ಮಾತ್ರ ಕ್ಯಾಲಿಪರ್ ಬಿಚ್ಚಬೇಡಿ

ಕಾರಿನ ಬ್ರೇಕ್ ಕ್ಯಾಲಿಪರ್‌ಗೆ (ಚಕ್ರದ ಜೊತೆ ತಿರುಗುವ ಡಿಸ್ಕನ್ನು ಪ್ಯಾಡುಗಳಿಂದ ಅಮುಕಿ ಹಿಡಿಯುವ ಭಾಗಕ್ಕೆ) ಮನೆಯಲ್ಲೇ ಪೌಡರ್ ಕೋಟಿಂಗ್, ಅಂದರೆ ಪುಡಿ ಬಣ್ಣವನ್ನು ಬಿಸಿಯಲ್ಲಿ ಕರಗಿಸಿ ಹಿಡಿಸುವುದು, ಮಾಡಬಹುದಾ? ಮಾಡಬಹುದು. ಆದರೆ ಚಕ್ರದ ಸಂದಿಯಿಂದ ಕೆಂಪು ಬಣ್ಣ ಕಾಣಲಿ ಅನ್ನುವುದೊಂದೇ ಕಾರಣವಾದರೆ ಬೇಡ ಅನ್ನುತ್ತೇನೆ. ಪ್ಯಾಡನ್ನು ಒತ್ತುವ ಪಿಸ್ಟನ್ ಬಿಗಿಯಾಗಿದೆ, ಸೀಲ್ ಸೋರುತ್ತಿದೆ, ಧೂಳು ತಡೆಯುವ ರಬ್ಬರ್ ಹೊದಿಕೆ (ಡಸ್ಟ್ ಬೂಟ್) ಹರಿದಿದೆ ಅಂತ ಹೇಗೂ ಬಿಚ್ಚುವವರಿದ್ದರೆ ಆಗ ಕೋಟಿಂಗನ್ನೂ ಮಾಡಿ. ಬಿಚ್ಚಿ ಜೋಡಿಸುವುದೇ ಇಲ್ಲಿ ನಿಜವಾದ ಕೆಲಸ. ಬಣ್ಣ ಅದರ ಜೊತೆಗೆ ಸಿಗುವ ಲಾಭ.

ಕರ್ನಾಟಕ ಬಿಟ್ಟು ಹೊರಗೆ ನೆಲೆಸಿದ ಮೇಲೆ ಈ ವಿಷಯದಲ್ಲಿ ಎರಡು ರೀತಿ ನೋಡಿದ್ದೇನೆ. ನಾನು ಬೆಳೆದ ಕಡೆ ಬ್ರೇಕ್ ಅಂದರೆ ಮೆಕ್ಯಾನಿಕ್ ಕೆಲಸ. ಕಾರಿನವರು ಪಕ್ಕದಲ್ಲಿ ನಿಂತು ನೋಡುತ್ತಾರೆ, ಕೈ ಹಾಕುವುದಿಲ್ಲ. ಈಗ ಇರುವ ಕಡೆ ಚಳಿಗಾಲದಲ್ಲಿ ಹಿಮ ಕರಗಲಿ ಅಂತ ರಸ್ತೆಗೆ ಉಪ್ಪು ಹಾಕುತ್ತಾರೆ. ಆ ಉಪ್ಪುನೀರು ತಾಗಿ ಕ್ಯಾಲಿಪರ್ ಬೇಗ ತುಕ್ಕು ಹಿಡಿಯುತ್ತದೆ. ಹಾಗಾಗಿ ಎಷ್ಟೋ ಜನ ಮನೆಯ ಗ್ಯಾರೇಜಿನಲ್ಲೇ ಚಕ್ರ ಕಳಚಿ ಕೆಲಸಕ್ಕೆ ಕೂರುತ್ತಾರೆ. ಮೆಕ್ಯಾನಿಕ್ ಕೈಗೆ ಅನುಭವ ಇರುತ್ತದೆ. ಬೋಲ್ಟ್ ಮುರಿಯುತ್ತದೋ ಬಿಡಿಸಿಕೊಳ್ಳುತ್ತದೋ ಅಂತ ಪಾನಾ ಹಿಡಿದಾಗಲೇ ಅವರಿಗೆ ಗೊತ್ತಾಗುತ್ತದೆ. ಮನೆಯಲ್ಲಿ ಮಾಡುವವರಿಗೆ ಆ ಕೈ ಇರುವುದಿಲ್ಲ, ಆದರೆ ಸಮಯ ಇರುತ್ತದೆ. ಪೌಡರ್ ಕೋಟಿಂಗ್ ಬೇಡುವುದು ಆ ಸಮಯವನ್ನೇ.

ಬ್ರಶ್ಶಿನಲ್ಲಿ ಬಣ್ಣ ಬಳಿದರೆ ಸಾಲದಾ ಅಂತ ಕೇಳುವವರಿದ್ದಾರೆ. ಕ್ಯಾಲಿಪರ್‌ಗೆಂದೇ ಬರುವ ಬಣ್ಣವನ್ನು ಕಾರಿನಿಂದ ಬಿಚ್ಚದೆಯೂ ಬಳಿಯಬಹುದು, ತಪ್ಪೇನಿಲ್ಲ. ಪೌಡರ್ ಹಾಗಲ್ಲ. ಅದು ಒಣ ಪುಡಿ. ಗನ್ನಿನಲ್ಲಿ ವಿದ್ಯುತ್ ಆವೇಶ ಪಡೆದು, ಅರ್ತ್ ಮಾಡಿದ ಲೋಹಕ್ಕೆ ಅಂಟುತ್ತದೆ. ಆಮೇಲೆ ಓವನ್ನಿನಲ್ಲಿ ಕರಗಿ, ಒಂದೇ ಪದರವಾಗಿ ಗಟ್ಟಿಯಾಗುತ್ತದೆ. ಸಾಮಾನ್ಯ ಪಾಲಿಯೆಸ್ಟರ್ ಪೌಡರ್‌ಗೆ ಸುಮಾರು 200 ಡಿಗ್ರಿ ಸೆಲ್ಸಿಯಸ್ ಬೇಕು. ಲೋಹ ಅಷ್ಟು ಬಿಸಿಯಾದ ಮೇಲೆ ಇನ್ನೂ 10 ನಿಮಿಷ ಇರಬೇಕು. ಆ ಬಿಸಿಯಲ್ಲಿ ರಬ್ಬರ್ ಉಳಿಯುವುದಿಲ್ಲ. ಅದಕ್ಕೇ ಪೂರ್ತಿ ಬಿಚ್ಚಲೇಬೇಕು, ಅಡ್ಡದಾರಿ ಇಲ್ಲ.

ಬಿಚ್ಚುವಾಗ ಎಲ್ಲಕ್ಕಿಂತ ಅಪಾಯದ್ದು ಪಿಸ್ಟನ್ ಹೊರತೆಗೆಯುವುದು. ಗಾಳಿಯ ಒತ್ತಡ ಕೊಟ್ಟು ತೆಗೆಯುವ ರೂಢಿ ಇದೆ. ಅಂಟಿಕೊಂಡ ಪಿಸ್ಟನ್ ಒಮ್ಮೆಲೇ ಬಿಟ್ಟುಕೊಂಡರೆ ಗುಂಡಿನ ಹಾಗೆ ಹಾರುತ್ತದೆ, ನಡುವೆ ಬೆರಳಿದ್ದರೆ ಮೂಳೆ ಪುಡಿ. ಮರದ ತುಂಡು ಅಡ್ಡ ಇಡಿ, ಗಾಳಿಯನ್ನು ತೀರಾ ಕಡಿಮೆ ಒತ್ತಡದಿಂದ ಶುರುಮಾಡಿ. ನನಗೆ ಇದಕ್ಕಿಂತ ಇಷ್ಟವಾಗುವ ದಾರಿ ಬೇರೆ. ಬ್ರೇಕ್ ಆಯಿಲ್ ಬರುವ ಹೋಸ್ ಬಿಚ್ಚುವ ಮೊದಲೇ ಬ್ರೇಕ್ ಪೆಡಲನ್ನು ನಿಧಾನಕ್ಕೆ ಒತ್ತಿ, ಪಿಸ್ಟನ್ ಬಹುಪಾಲು ಹೊರಗೆ ಬರುವ ಹಾಗೆ ಮಾಡುವುದು. ದ್ರವದ ಒತ್ತಡಕ್ಕೆ ಅದು ಹಾರುವುದಿಲ್ಲ, ಮೆಲ್ಲಗೆ ಜರುಗುತ್ತದೆ. ಹ್ಯಾಂಡ್ ಬ್ರೇಕ್ ಜೋಡಿಸಿರುವ ಹಿಂದಿನ ಕ್ಯಾಲಿಪರ್‌ಗಳಿಗೆ ಈ ದಾರಿ ನಡೆಯುವುದಿಲ್ಲ. ಅವುಗಳಲ್ಲಿ ಎಷ್ಟೋ ಪಿಸ್ಟನ್‌ಗಳನ್ನು ತಿರುಗಿಸಿಯೇ ತೆಗೆಯಬೇಕು. ಇನ್ನು ಎರಡು ಹೋಳು ಸೇರಿಸಿ ಬೋಲ್ಟ್ ಹಾಕಿದ ಕ್ಯಾಲಿಪರ್‌ಗಳಿವೆ. ತಯಾರಕರು ಬಿಚ್ಚಬಹುದು ಅಂತ ಹೇಳಿರದಿದ್ದರೆ ಆ ಬೋಲ್ಟುಗಳನ್ನು ಮುಟ್ಟಬೇಡಿ.

ಒಳಗಿರುವ ಚೌಕ ಅಂಚಿನ ಸೀಲ್ ನೋಡಲು ಸಾಧಾರಣ ರಬ್ಬರ್ ಉಂಗುರ. ಸೋರದಂತೆ ತಡೆಯುವುದಷ್ಟೇ ಅದರ ಕೆಲಸ ಅಲ್ಲ. ಬ್ರೇಕ್ ಒತ್ತಿದಾಗ ಪಿಸ್ಟನ್ ಜೊತೆ ಸ್ವಲ್ಪ ತಿರುಚಿಕೊಳ್ಳುತ್ತದೆ, ಬಿಟ್ಟಾಗ ತನ್ನ ಆಕಾರಕ್ಕೆ ಮರಳುತ್ತಾ ಪಿಸ್ಟನನ್ನೂ ಹಿಂದಕ್ಕೆ ಎಳೆಯುತ್ತದೆ. ಪ್ಯಾಡು ಡಿಸ್ಕಿಗೆ ಉಜ್ಜದೆ ಬಿಡುವುದು ಇದರಿಂದಲೇ. ಆ ಸೀಲ್ ಕೂರುವ ತೋಡಿನಲ್ಲಿ ತುಕ್ಕೋ ಪೌಡರೋ ಉಳಿದರೆ ಬ್ರೇಕ್ ಬಿಟ್ಟರೂ ಹಿಡಿದೇ ಇರುತ್ತದೆ. ಹಳೇ ಸೀಲನ್ನು ಮತ್ತೆ ಹಾಕಬೇಡಿ. ಹೊಸದಕ್ಕೆ ಪೆಟ್ರೋಲ್, ಸೀಮೆಎಣ್ಣೆ, ಇಂಜಿನ್ ಆಯಿಲ್ ತಾಗಿಸಬೇಡಿ, ರಬ್ಬರ್ ಊದಿಕೊಳ್ಳುತ್ತದೆ. ಜೋಡಿಸುವಾಗ ತಾಜಾ ಬ್ರೇಕ್ ಆಯಿಲ್ ಸವರಿದರೆ ಸಾಕು.

ತೊಳೆಯುವುದರ ಬಗ್ಗೆ ಒಂದು ಎಚ್ಚರಿಕೆ. ಕೆಲವು ಬ್ರೇಕ್ ಕ್ಲೀನರ್‌ಗಳಲ್ಲಿ ಕ್ಲೋರಿನ್ ಸೇರಿದ ದ್ರಾವಕ ಇರುತ್ತದೆ. ಅದು ಪೂರ್ತಿ ಆರದೆ ಬೆಂಕಿಗೋ ತೀರಾ ಕಾದ ಲೋಹಕ್ಕೋ ತಾಗಿದರೆ ಫಾಸ್ಜೀನ್ ಅನ್ನುವ ವಿಷಾನಿಲ ಹುಟ್ಟಬಹುದು. ಓವನ್ನಿಗೆ ಹೋಗುವ ಭಾಗಕ್ಕೆ ಕ್ಲೋರಿನ್ ಇಲ್ಲದ್ದನ್ನೇ ಬಳಸಿ. ತುಕ್ಕು ತೆಗೆಯಲು ಬ್ಲಾಸ್ಟಿಂಗ್ (ಗಾಳಿಯ ಒತ್ತಡದಲ್ಲಿ ಒರಟು ಪುಡಿ ಹೊಡೆಸುವುದು) ಮಾಡುವುದಾದರೆ ಮಾಮೂಲಿ ಮರಳು ಬೇಡವೇ ಬೇಡ. ಅದರ ಸಿಲಿಕಾ ಧೂಳು ಶ್ವಾಸಕೋಶವನ್ನು ಹಾಳುಮಾಡುತ್ತದೆ. ಅಲ್ಯೂಮಿನಿಯಂ ಆಕ್ಸೈಡ್ ಸಿಗುತ್ತದೆ. ಅದನ್ನು ಬಳಸಿದರೂ ಮುಖಕ್ಕೆ ಮಾಸ್ಕ್ ಬೇಕು, ಪಿಸ್ಟನ್ ಕೂರುವ ಕೊಳವೆಯನ್ನು ಮುಚ್ಚಿರಬೇಕು.

ಈಗ ಮಾಸ್ಕಿಂಗ್, ಅಂದರೆ ಪೌಡರ್ ತಾಗಬಾರದ ಜಾಗಗಳನ್ನು ಮುಚ್ಚುವುದು. ಮನೆಯಲ್ಲಿ ಮಾಡುವುದೇ ಮೇಲು ಅಂತ ನಾನು ಹೇಳುವುದು ಈ ಒಂದು ಹಂತಕ್ಕಾಗಿ. ಪೌಡರ್ ಕೋಟಿಂಗ್ ಅಂಗಡಿಯವರು ಗೇಟು, ಗ್ರಿಲ್ಲು, ಚಕ್ರದ ರಿಮ್ಮು ಚೆನ್ನಾಗಿ ಮಾಡುತ್ತಾರೆ. ಆದರೆ ಕ್ಯಾಲಿಪರ್‌ನ ಯಾವ ಜಾಗ ಬರಿದಾಗಿ ಉಳಿಯಬೇಕು ಅಂತ ಅವರಿಗೆ ಗೊತ್ತಿರಬೇಕು ಅಂತೇನಿಲ್ಲ. ಪೌಡರ್ ಪದರ ಸಾಮಾನ್ಯವಾಗಿ 60ರಿಂದ 100 ಮೈಕ್ರಾನ್ ದಪ್ಪ. ಕೈಗೆ ಗೊತ್ತಾಗುವುದೂ ಕಷ್ಟ. ಆದರೆ ಪ್ಯಾಡ್ ಜಾರುವ ಜಾಗದಲ್ಲಿ ಅಷ್ಟು ಸೇರಿದರೂ ಪ್ಯಾಡ್ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಹೋಸನ್ನು ಕ್ಯಾಲಿಪರ್‌ಗೆ ಜೋಡಿಸುವ ಬ್ಯಾಂಜೋ ಬೋಲ್ಟಿನ ತಾಮ್ರದ ವಾಷರ್ ಕೂರುವ ಮುಖದಲ್ಲಿದ್ದರೆ ಬ್ರೇಕ್ ಆಯಿಲ್ ಸೋರಬಹುದು.

ಎಲ್ಲಕ್ಕಿಂತ ಕೆಟ್ಟದ್ದು ಬೋಲ್ಟ್ ಹಾಕಿ ಬಿಗಿಯುವ ಮುಖಗಳ ನಡುವೆ ಪೌಡರ್ ಇರುವುದು. ಅದು ಪ್ಲಾಸ್ಟಿಕ್ ಅಲ್ವಾ, ಬಿಸಿ ಮತ್ತು ಒತ್ತಡಕ್ಕೆ ನಿಧಾನವಾಗಿ ಹಿಂಡಿಕೊಂಡು ತೆಳ್ಳಗಾಗುತ್ತದೆ. ಅಷ್ಟಕ್ಕೇ ಬೋಲ್ಟಿನ ಬಿಗಿ ಇಳಿಯುತ್ತದೆ. ಬಿಗಿಯನ್ನು ಅಳೆಯುವ ಟಾರ್ಕ್ ರೆಂಚಿನಲ್ಲಿ ಸರಿಯಾಗಿ ಬಿಗಿದಿದ್ದೇನೆ ಅನ್ನುವ ನಂಬಿಕೆ ಇರುತ್ತದೆ, ಕೆಲವು ವಾರದ ಮೇಲೆ ಆ ಬಿಗಿ ಇರುವುದಿಲ್ಲ. ಕ್ಯಾಲಿಪರನ್ನು ಹಿಡಿದಿಡುವ ಬ್ರಾಕೆಟ್ ಕೂರುವ ಮುಖ, ಕ್ಯಾಲಿಪರ್ ಜಾರಲು ಇರುವ ಸ್ಲೈಡ್ ಪಿನ್ನಿನ ತೂತು, ಥ್ರೆಡ್, ಏರ್ ತೆಗೆಯುವ ನಿಪ್ಪಲ್ ಕೂರುವ ಜಾಗ, ಸೀಲ್ ಕೂರುವ ತೋಡು, ಡಸ್ಟ್ ಬೂಟ್ ಅಂಚು, ಇವಕ್ಕೆಲ್ಲ ಬಿಸಿ ತಡೆಯುವ ಟೇಪ್ ಮತ್ತು ಸಿಲಿಕೋನ್ ಬಿರಡೆ ಹಾಕಬೇಕು. ಈ ಕೆಲಸಕ್ಕೆ ಒಂದು ಸಂಜೆ ಪೂರ್ತಿ ಹೋದರೂ ಹೋಗಲಿ. ಕಾರಿನ ಒಡೆಯರಿಗೆ ಇರುವಷ್ಟು ಕಾಳಜಿ ಇಲ್ಲಿ ಬೇರೆಯವರಿಗೆ ಬರುವುದು ಕಷ್ಟ.

ಎರಕದ ಲೋಹದ ಸಣ್ಣ ರಂಧ್ರಗಳಲ್ಲಿ ಎಣ್ಣೆ, ಗಾಳಿ ಕೂತಿರುತ್ತದೆ. ಪೌಡರ್ ಹಾಕುವ ಮೊದಲು ಎರಕದ ಕಬ್ಬಿಣವನ್ನು ಸುಮ್ನೆ ಒಂದು ಸಲ ಪೌಡರ್ ಗಟ್ಟಿಮಾಡುವ ಬಿಸಿಗಿಂತ ಸ್ವಲ್ಪ ಜಾಸ್ತಿ ಕಾಯಿಸಿ, ಅದನ್ನೆಲ್ಲ ಹೊರಗೆ ಹಾಕಿಸಿ. ಇಲ್ಲದಿದ್ದರೆ ಬಣ್ಣದ ತುಂಬಾ ಸೂಜಿಮೊನೆಯಷ್ಟು ತೂತು ಬೀಳುತ್ತವೆ. ಅಲ್ಯೂಮಿನಿಯಂ ಕ್ಯಾಲಿಪರ್ ಆದರೆ ಈ ಧೈರ್ಯ ಬೇಡ. ಟಿ6 ಅಂತ ಹೇಳುವ ಹದದ ಅಲ್ಯೂಮಿನಿಯಂಗೆ ಬಲ ಬಂದಿರುವುದು ಸುಮಾರು 150ರಿಂದ 180 ಡಿಗ್ರಿಯಲ್ಲಿ ಗಂಟೆಗಟ್ಟಲೆ ಇಟ್ಟಿದ್ದರಿಂದ. ಅದನ್ನು ಮೀರಿದ ಬಿಸಿಯಲ್ಲಿ ಪದೇ ಪದೇ ಬೇಯಿಸಿದರೆ ಬಲ ಕಡಿಮೆಯಾಗುತ್ತದೆ. ಬಣ್ಣ ಸರಿಬರಲಿಲ್ಲ ಅಂತ ಮತ್ತೆ ಮತ್ತೆ ಓವನ್ನಿಗೆ ಹಾಕುವ ಚಾಳಿ ನೋಡಿದಾಗ ನನಗೆ ಭಯವಾಗುತ್ತದೆ. ಅಲ್ಯೂಮಿನಿಯಂ ಆದರೆ ನಾನು ಬ್ರಶ್ ಬಣ್ಣವನ್ನೇ ಆರಿಸಿಕೊಳ್ಳುತ್ತೇನೆ.

ಓವನ್ ವಿದ್ಯುತ್ತಿನದೇ ಆಗಿರಲಿ. ಗಾಳಿಯಲ್ಲಿ ತೇಲುವ ಪೌಡರ್ ಬೆಂಕಿಯೋ ಕಿಡಿಯೋ ತಾಗಿದರೆ ಸಿಡಿಯಬಹುದು. ಒಮ್ಮೆ ಈ ಕೆಲಸಕ್ಕೆ ಬಳಸಿದ ಓವನ್ ಮತ್ತೆ ಅಡುಗೆಮನೆಗೆ ಹೋಗಬಾರದು. ಇದರಲ್ಲಿ ರಾಜಿ ಇಲ್ಲ.

ಜೋಡಿಸುವಾಗ ಎಡ ಬಲ ಅದಲುಬದಲಾಗದಂತೆ ನೋಡಿ. ಏರ್ ತೆಗೆಯುವ ನಿಪ್ಪಲ್ ಮೇಲ್ಗಡೆ ಬರಬೇಕು. ಕೆಳಗೆ ಬಂದರೆ ಎಷ್ಟು ಬ್ರೇಕ್ ಆಯಿಲ್ ಸುರಿದರೂ ಒಳಗಿನ ಗಾಳಿ ಹೋಗುವುದಿಲ್ಲ, ಪೆಡಲ್ ಮೆತ್ತಗೇ ಇರುತ್ತದೆ. ಬ್ರೇಕ್ ಆಯಿಲ್ ಹೊಸ ಬಣ್ಣದ ಮೇಲೆ ಚೆಲ್ಲಿದರೆ ಕೂಡಲೇ ನೀರು ಹಾಕಿ ತೊಳೆಯಿರಿ.

ಎರಡು ರೀತಿಗಳನ್ನೂ ಸೇರಿಸಬಹುದು ಅನ್ನುವುದು ನನ್ನ ಅಭಿಪ್ರಾಯ. ಬಿಚ್ಚಿ, ತೊಳೆದು, ಮಾಸ್ಕ್ ಮಾಡಿ, ಪೌಡರ್ ಹಾಕುವುದು ಮನೆಯಲ್ಲಿ ಆಗಲಿ. ಜೋಡಿಸಿದ ಮೇಲೆ ಕಾರು ರಸ್ತೆಗೆ ಇಳಿಯುವ ಮೊದಲು ಪಳಗಿದ ಮೆಕ್ಯಾನಿಕ್ ಒಬ್ಬರನ್ನು ಕರೆಸಿ ತೋರಿಸಿ. ಪೆಡಲ್ ಗಟ್ಟಿಯಿದೆಯಾ, ಬ್ಯಾಂಜೋ ಬೋಲ್ಟಿನ ಬಳಿ ತೇವ ಇದೆಯಾ, ಬ್ರಾಕೆಟ್ ಬೋಲ್ಟ್ ಟಾರ್ಕ್ ಸರಿಯಿದೆಯಾ, ಬ್ರೇಕ್ ಬಿಟ್ಟಾಗ ಚಕ್ರ ಸಲೀಸಾಗಿ ತಿರುಗುತ್ತದೆಯಾ ಅಂತ ಅವರು ನೋಡಲಿ. ಬ್ರಾಕೆಟ್ ಬೋಲ್ಟುಗಳನ್ನು ಕೆಲವು ದಿನ ಓಡಿಸಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಿ.